ಚುಕ್ಕಿ ಚುಕ್ಕಿ ಗೀಟು

ಚುಕ್ಕಿ, ಚುಕ್ಕಿ, ಓರೆಗೀಟು. ಬಾನುಲಿಯಲ್ಲಿ ಬರೆದು ತೋರಿಸಲಾರೆ, ಆದ್ದರಿಂದ ಕೈಗೆ ಸಿಕ್ಕ ಕಾಗದದ ಮೇಲೆ ನೀವೇ ಬರೆದುಕೊಳ್ಳಿ. ಪಕ್ಕಪಕ್ಕ ಎರಡು ಪೂರ್ಣವಿರಾಮ, ಆಮೇಲೆ ಬಲಕ್ಕೆ ವಾಲಿದ ಒಂದು ಗೀಟು. ತಾರೀಖು ಬರೆಯುವಾಗ ದಿನಕ್ಕೂ ತಿಂಗಳಿಗೂ ನಡುವೆ ಎಳೆಯುತ್ತೇವಲ್ಲ, ಅದೇ ಗೀಟು. ಕಂಪ್ಯೂಟರಿಗೆ ಇದರ ಅರ್ಥ ‘ಒಂದು ಮೆಟ್ಟಿಲು ಮೇಲಕ್ಕೆ ಹೋಗು’ ಎಂದಷ್ಟೇ. ಸುರಪುರದಲ್ಲಿ ಕಂಪ್ಯೂಟರ್ ಕಲಿಸುವ ನಾನು ಹುಡುಗರಿಗೆ ಮೊದಲ ವಾರದಲ್ಲೇ ಇದನ್ನು ಹೇಳಿಕೊಡುತ್ತೇನೆ. ಹೇಳಿಕೊಟ್ಟವನನ್ನೇ ಅದು ಒಮ್ಮೆ ಸುರಪುರ, ಶಹಾಪುರ, ಯಾದಗಿರಿ ಎಂದು ಮೂರೂರು ಅಲೆಸಿತು. ಇವತ್ತು ಆ ಅಲೆದಾಟದ ಮಾತು.

ಕಂಪ್ಯೂಟರಿನೊಳಗೆ ಫೈಲುಗಳನ್ನು ಇಟ್ಟಿರುವ ರೀತಿ ನಮ್ಮ ಕಂದಾಯದ ಲೆಕ್ಕದ ಹಾಗೆಯೇ ಇದೆ. ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಹೋಬಳಿ, ಹೋಬಳಿಯೊಳಗೆ ಊರು, ಊರೊಳಗೆ ಸರ್ವೆ ನಂಬರು. ಅಲ್ಲಿ ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು, ಕೊನೆಗೆ ಫೈಲು. ನೀವು ಗೋಗಿ ಹೋಬಳಿಯಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಚುಕ್ಕಿ ಚುಕ್ಕಿ ಗೀಟು ಅಂದರೆ ಶಹಾಪುರಕ್ಕೆ ಬಂದಿರಿ. ಇನ್ನೊಮ್ಮೆ ಅಂದರೆ ಯಾದಗಿರಿ. ಅಲ್ಲಿಂದ ಬೇಕೆಂದರೆ ಕೆಳಗಿಳಿದು ಸುರಪುರ, ಸುರಪುರದಿಂದ ಕೆಂಭಾವಿ. ಮೇಲಿನ ಮೆಟ್ಟಿಲಿನ ಹೆಸರು ನಿಮಗೆ ಗೊತ್ತಿರಬೇಕಾಗಿಯೇ ಇಲ್ಲ, ‘ಮೇಲಿನದು’ ಅಂದರೆ ಸಾಕು. ಇದು ಎಂಥ ಅನುಕೂಲ ಎಂಬುದು ನಮ್ಮ ಭಾಗದವರಿಗೆ ಬೇಗ ತಿಳಿಯುತ್ತದೆ. 2009ರ ಡಿಸೆಂಬರ್ 30ರ ತನಕ ಗೋಗಿಯಿಂದ ಎರಡು ಮೆಟ್ಟಿಲು ಹತ್ತಿದರೆ ಸಿಗುತ್ತಿದ್ದುದು ಕಲಬುರಗಿ. ಆಮೇಲೆ ಅದೇ ಎರಡು ಮೆಟ್ಟಿಲಿಗೆ ಯಾದಗಿರಿ. ಅದಕ್ಕೂ ಒಂದು ಮೆಟ್ಟಿಲು ಮೇಲೆ 1956ರ ನವೆಂಬರ್ 1ರವರೆಗೆ ಇದ್ದದ್ದು ಹೈದರಾಬಾದು, ಆಮೇಲೆ ಬೆಂಗಳೂರು. ಇಷ್ಟೆಲ್ಲ ಬದಲಾದರೂ ಗೋಗಿ ಇದ್ದಲ್ಲೇ ಇದೆ. ಅಲ್ಲಿನ ಮಣ್ಣಿನಲ್ಲಿ ಮಲಗಿರುವ ಬಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲ್ ಶಹಾನೂ ಮಗ್ಗುಲು ಬದಲಿಸಿಲ್ಲ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಜೊತೆಗಾರರು 1970ರ ಆಸುಪಾಸಿನಲ್ಲಿ ಯೂನಿಕ್ಸ್ ಕಟ್ಟುವಾಗ ಈ ಎರಡು ಚುಕ್ಕಿಯ ಒಪ್ಪಂದ ಬೇರೂರಿತು. ಇವತ್ತು ನಿಮ್ಮ ಮೊಬೈಲಿನೊಳಗೂ ಅದು ನಡೆಯುತ್ತಿದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. 2011ರಲ್ಲಿ ಸುರಪುರದ ಒಂದು ಕಾಲೇಜಿಗೆ ವೆಬ್‌ಸೈಟು ಮಾಡಿಕೊಟ್ಟೆ. ಸುತ್ತೋಲೆ, ವೇಳಾಪಟ್ಟಿ, ಅರ್ಜಿ ನಮೂನೆ, ಇಂಥವನ್ನು ಹುಡುಗರು ಇಳಿಸಿಕೊಳ್ಳಬೇಕಿತ್ತು. ಅದಕ್ಕೆ ಒಂದು ಸಣ್ಣ ಪ್ರೋಗ್ರಾಂ ಬರೆದು ‘ತಗಿ’ ಎಂದು ಹೆಸರಿಟ್ಟೆ. ಕೆಲಸ ಬಹಳ ಸರಳ: ಸುತ್ತೋಲೆ ಫೋಲ್ಡರಿನ ವಿಳಾಸ ತಗೋ, ಕೇಳಿದವರು ಕೊಟ್ಟ ಹೆಸರನ್ನು ಅದರ ಮುಂದೆ ಅಂಟಿಸು, ಅಲ್ಲಿ ಸಿಕ್ಕ ಫೈಲನ್ನು ಅವರಿಗೆ ಕೊಡು. ಬರೆಯಲು ಅರ್ಧ ಗಂಟೆ ಹಿಡಿಯಿತು. ಚೆನ್ನಾಗಿ ನಡೆಯಿತು ಕೂಡ. ಶಹಾಪುರದ ಒಂದು ಪತ್ತಿನ ಸಹಕಾರ ಸಂಘದವರು ಕೇಳಿದಾಗ ಅದೇ ‘ತಗಿ’ಯನ್ನು ಅಲ್ಲಿಗೂ ಹಾಕಿದೆ. ಯಾದಗಿರಿಯ ಒಂದು ಕಚೇರಿಗೂ ಹಾಕಿದೆ. ಒಮ್ಮೆ ಬರೆದದ್ದನ್ನು ಮೂರು ಕಡೆ ಬಳಸಿದೆನಲ್ಲ ಎಂದು ನನಗೇ ನಾನು ಶಹಬ್ಬಾಸ್ ಅಂದುಕೊಂಡದ್ದೂ ಉಂಟು.

2016ರ ದಸರಾ ರಜೆಗೆ ಅಕ್ಕನ ಮಗ ಬಂದ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಉಂಡು ಕೂತಾಗ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ.

“ಮಾಮಾ, ನಿಮ್ಮ ಸೈಟಿನ್ಯಾಗ ವೇಳಾಪಟ್ಟಿ ಅಂತ ಕೇಳಿದ್ರ ವೇಳಾಪಟ್ಟಿ ಕೊಡ್ತದ, ಹೌದಿಲ್ಲೊ?”

“ಹೌದು. ಅದಕ್ಕೇ ಮಾಡೀನಿ.”

“ನಾ ಈಗ ಹೆಸರು ಹೇಳಿಲ್ಲ ನೋಡ್ರಿ, ದಾರಿ ಹೇಳೀನಿ. ಅದೂ ಕೊಡ್ತು.”

ನೋಡಿದೆ. ಫೈಲಿನ ಹೆಸರು ಇರಬೇಕಾದ ಜಾಗದಲ್ಲಿ ಅವನು ಚುಕ್ಕಿ ಚುಕ್ಕಿ ಗೀಟು ಎಂದು ಎರಡು ಸಲ ಬರೆದು, ಮುಂದೆ ಸೈಟಿನ ಗುಟ್ಟೆಲ್ಲ ಇರುವ ಫೈಲಿನ ಹೆಸರು ಹಾಕಿದ್ದ. ನನ್ನ ‘ತಗಿ’ ಸುತ್ತೋಲೆ ಫೋಲ್ಡರಿನಿಂದ ಒಂದು ಮೆಟ್ಟಿಲು ಮೇಲೆ ಬಂದು, ಇನ್ನೊಂದು ಮೆಟ್ಟಿಲು ಮೇಲೆ ಬಂದು, ಆ ಫೈಲನ್ನು ಎತ್ತಿ ಪರದೆಯ ಮೇಲೆ ಹರಡಿತ್ತು. ವಿದ್ಯಾರ್ಥಿಗಳ ಮಾಹಿತಿಯ ಕಣಜಕ್ಕೆ ನಾನು ಇಟ್ಟ ಪಾಸ್‌ವರ್ಡು ಅಲ್ಲಿ ಬಿಡಿಬಿಡಿಯಾಗಿ ಕಾಣುತ್ತಿತ್ತು. ಒಳಗಿಂದ ಅಕ್ಕ “ಏನಾತೋ?” ಅಂದಳು. “ಏನಿಲ್ಲ” ಅಂದೆ.

ಭದ್ರತೆಯ ಮಾತು ಬಂದರೆ ನಮ್ಮ ಕಡೆಯ ಭಾಷಣಕಾರರು ನೇರ ಕೋಟೆ ಹತ್ತುತ್ತಾರೆ. ಹತ್ತುವುದಕ್ಕೆ ನಮಗೆ ಕೋಟೆಗಳ ಕೊರತೆಯೂ ಇಲ್ಲ. ಯಾದಗಿರಿಯ ಬೆಟ್ಟದ ಮೇಲೊಂದು, ಶಹಾಪುರದ ಬೆಟ್ಟದ ಮೇಲೊಂದು, ಸುರಪುರದ ಹತ್ತಿರ ವಾಗಣಗೇರಾ. ವಾಗಣಗೇರಾದ ಮುಂದೆ 1705ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಔರಂಗಜೇಬನೇ ಬೀಡುಬಿಟ್ಟಿದ್ದ; ಅವನು ಖುದ್ದಾಗಿ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಕಡೆಗೆ ಬೇಡರ ಪಡೆ ಒಂದು ರಾತ್ರಿ ಕೋಟೆ ಬಿಟ್ಟು ಹೊರಟುಹೋಯಿತು, ಮೊಗಲರ ಕೈಗೆ ಸಿಕ್ಕಿದ್ದು ಬರಿದಾದ ಕೋಟೆ. ಕತೆ ಚೆನ್ನಾಗಿದೆ, ನಮ್ಮ ವಿಷಯಕ್ಕೆ ಮಾತ್ರ ಹೊಂದುವುದಿಲ್ಲ. ನನ್ನ ಸೈಟಿನ ಗೋಡೆಯನ್ನು ಯಾರೂ ಹಾರಲಿಲ್ಲ, ಬೀಗ ಒಡೆಯಲಿಲ್ಲ. ಹುಡುಗ ಬಾಗಿಲ ಹೊರಗೇ ನಿಂತಿದ್ದ. ಒಳಗಿನದನ್ನು ತಂದುಕೊಟ್ಟದ್ದು ನನ್ನದೇ ಆಳು.

ಹಾಗಾಗಿ ಕೋಟೆ ಬಿಟ್ಟು ಹಳೆಯ ತಹಸೀಲ್ ಕಚೇರಿಯ ದಾಖಲೆ ಕೋಣೆಯನ್ನು ನೆನೆಯಿರಿ. ಯಾವ ಊರಿನದೂ ಅಲ್ಲ, ಮನಸ್ಸಿನಲ್ಲೇ ಕಟ್ಟಿಕೊಂಡ ಕಚೇರಿ. ಸಾಲು ಕಪಾಟು, ಕಪಾಟಿನಲ್ಲಿ ಖಾನೆ, ಖಾನೆಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಬಸ್ತಾ, ಬಸ್ತಾದೊಳಗೆ ಸೇತವಾರು, ಖಾಸರಾ ಪಹಣಿ ಎಂಬ ಜಮೀನಿನ ದಾಖಲೆಗಳು. ಒಳಗೆ ಹೋಗಲು ನಿಮಗೆ ಅಪ್ಪಣೆ ಇಲ್ಲ. ಬೀಗದ ಗೊಂಚಲು ಚಪರಾಸಿಯ ಸೊಂಟದಲ್ಲಿದೆ. ನೀವು ಚೀಟಿಯಲ್ಲಿ ‘ನಮ್ಮೂರ ಬಸ್ತಾ, ಖಾಸರಾ ಪಹಣಿ’ ಎಂದು ಬರೆದು ಕಿಟಕಿಯಲ್ಲಿ ಕೊಡುತ್ತೀರಿ, ಅವನು ತರುತ್ತಾನೆ. ನಿಮ್ಮ ಹಿಂದೆ ನಿಂತವನು ಹೀಗೆ ಬರೆಯುತ್ತಾನೆ: ‘ನಮ್ಮೂರ ಬಸ್ತಾ ಇರುವ ಖಾನೆಯಿಂದ ಹೊರಗೆ ಬಾ, ಕೋಣೆಯಿಂದ ಹೊರಗೆ ಬಾ, ಸಾಹೇಬರ ಕೋಣೆಗೆ ಹೋಗು, ಮೇಜಿನ ಎಡಗಡೆ ಡ್ರಾದಲ್ಲಿ ಮೇಲಿರುವ ಕಾಗದ.’ ಚಪರಾಸಿ ಮನುಷ್ಯನಾದರೆ ನಗುತ್ತಾನೆ, ಇಲ್ಲವೇ ಬೈಯುತ್ತಾನೆ. ಯಂತ್ರದ ಚಪರಾಸಿಗೆ ನಗು ಬರುವುದಿಲ್ಲ. ಸಾಹೇಬರ ಕೋಣೆಯ ಬೀಗವೂ ಅವನ ಗೊಂಚಲಿನಲ್ಲಿದೆ, ಚೀಟಿಯಲ್ಲಿ ದಾರಿ ಸ್ಪಷ್ಟವಾಗಿದೆ. ಹೋಗುತ್ತಾನೆ, ತರುತ್ತಾನೆ. ಚೀಟಿ ಕೊಟ್ಟವನಿಗೆ ಆ ಡ್ರಾ ತೆರೆಯುವ ಹಕ್ಕಿಲ್ಲ, ಚಪರಾಸಿಗೆ ಇದೆ, ಕೆಲಸ ನಡೆಯುವುದು ಚಪರಾಸಿಯ ಹಕ್ಕಿನಲ್ಲಿ. ನಾರ್ಮ್ ಹಾರ್ಡಿ ಎಂಬ ಅಮೆರಿಕದ ತಂತ್ರಜ್ಞ 1988ರಲ್ಲಿ ಇಂಥ ಸೇವಕನ ಮೇಲೆಯೇ ಒಂದು ಪುಟ್ಟ ಲೇಖನ ಬರೆದ. ಅವನು ಕೊಟ್ಟ ಹೆಸರನ್ನು ನಾನು ‘ತಬ್ಬಿಬ್ಬಾದ ಕಾರಭಾರಿ’ ಎಂದು ಕನ್ನಡಕ್ಕೆ ತಂದುಕೊಂಡಿದ್ದೇನೆ.

ನಾನು ಕೇಳಿದ್ದು ಹೆಸರು, ಹುಡುಗ ಕೊಟ್ಟದ್ದು ದಾರಿ. ಎರಡೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ, ಎರಡೂ ಅಕ್ಷರಗಳೇ. ಎಡವಟ್ಟು ಇರುವುದು ಇಷ್ಟರಲ್ಲೇ.

ಅಂದು ಮಧ್ಯಾಹ್ನವೇ ಸರಿಮಾಡಲು ಕೂತೆ. ಸುಲಭದ ಉಪಾಯ ಹೊಳೆಯಿತು: ಬಂದ ಅಕ್ಷರಗಳಲ್ಲಿ ಚುಕ್ಕಿ ಚುಕ್ಕಿ ಗೀಟು ಎಲ್ಲಿ ಕಂಡರೂ ಅಳಿಸಿಬಿಡು. ಅಳಿಯ ತಲೆ ಅಲ್ಲಾಡಿಸಿದ. “ಮಾಮಾ, ನಾಲ್ಕು ಚುಕ್ಕಿ, ಎರಡು ಗೀಟು ಕೊಟ್ರ?” ಕಾಗದದ ಮೇಲೆ ನೀವೂ ಬರೆದು ನೋಡಿ. ನಾಲ್ಕು ಚುಕ್ಕಿ, ಎರಡು ಗೀಟು. ನಡುವಿನ ಎರಡು ಚುಕ್ಕಿ, ಒಂದು ಗೀಟು ಹೊಡೆದುಹಾಕಿ. ಅಕ್ಕಪಕ್ಕದಲ್ಲಿ ಉಳಿದವು ಒಂದಕ್ಕೊಂದು ಕೂಡಿಕೊಂಡವು, ಮತ್ತೆ ಚುಕ್ಕಿ ಚುಕ್ಕಿ ಗೀಟು! ಅಳಿಸುವವನೇ ಅದನ್ನು ಹೆತ್ತ ಹಾಗಾಯಿತು.

ಹಾಗಾದರೆ ಆ ಗುರುತು ಕಂಡರೆ ಚೀಟಿಯನ್ನೇ ಹರಿದುಹಾಕೋಣ ಎಂದೆ. ಅದಕ್ಕೂ ಅವನ ಹತ್ತಿರ ಮಾತಿತ್ತು. ಅದನ್ನು ನಮ್ಮ ಊರಿನ ಹೆಸರಿನಲ್ಲೇ ಹೇಳುತ್ತೇನೆ. ನಾವು ಸುರಪುರ ಎನ್ನುತ್ತೇವೆ. ಇಂಗ್ಲಿಷರ ಕಾಗದಗಳಲ್ಲಿ ಶೋರಾಪುರ. 1840ರ ದಶಕದಲ್ಲಿ ಇಲ್ಲಿಗೆ ಬಂದು ಹತ್ತು ವರ್ಷಕ್ಕೂ ಮಿಕ್ಕಿ ಆಡಳಿತ ನೋಡಿದ ಮೆಡೋಸ್ ಟೇಲರ್ ಸಾಹೇಬ ತನ್ನ ಆತ್ಮಕತೆಯಲ್ಲಿ ಬರೆದುಕೊಂಡದ್ದು ಶೋರಾಪೂರ್ ಎಂದು ಬಾಲ ಎಳೆದು. ನಮ್ಮ ವಾಗಣಗೇರಾ ಮೊಗಲರ ಚರಿತ್ರೆಯ ಪುಸ್ತಕಗಳಲ್ಲಿ ವಾಕಿನ್‌ಖೇಡಾ. ಊರು ಒಂದೇ, ಕಾಗುಣಿತ ಹಲವು. ಬಾಗಿಲಲ್ಲಿ ಕೂತವನಿಗೆ ‘ಶೋರಾಪುರದವರನ್ನು ಬಿಡಬೇಡ’ ಎಂದು ಮಾತ್ರ ಹೇಳಿದ್ದರೆ ಸುರಪುರದವನು ನಮಸ್ಕಾರ ಹೇಳಿ ಒಳಗೆ ಹೋಗುತ್ತಾನೆ. ಕಂಪ್ಯೂಟರಿನಲ್ಲಿ ಚುಕ್ಕಿಗೂ ಗೀಟಿಗೂ ಇಂಥ ಬೇರೆ ಬೇರೆ ಕಾಗುಣಿತಗಳಿವೆ. ಶೇಕಡಾ ಗುರುತು, ಎರಡು, ಇಂಗ್ಲಿಷಿನ ಇ, ಈ ಮೂರನ್ನು ಸಾಲಾಗಿ ಬರೆದರೆ ವೆಬ್ ವಿಳಾಸದಲ್ಲಿ ಅದು ಒಂದು ಚುಕ್ಕಿ.

ಇದನ್ನು ಕಲಿಯಲು ದೊಡ್ಡ ದೊಡ್ಡವರೂ ಪೆಟ್ಟು ತಿಂದಿದ್ದಾರೆ. ಮೈಕ್ರೋಸಾಫ್ಟಿನ ವೆಬ್ ಸರ್ವರಿನಲ್ಲಿ ಗೀಟಿನ ಒಂದು ವಿಚಿತ್ರ ಕಾಗುಣಿತ ಕಾವಲಿನವನ ಕಣ್ಣು ತಪ್ಪಿಸುತ್ತದೆ ಎಂದು 2000ದ ಅಕ್ಟೋಬರಿನಲ್ಲಿ ಕಂಪನಿಯೇ ಎಚ್ಚರಿಕೆ ಹೊರಡಿಸಿತು, ಮದ್ದನ್ನೂ ಕೊಟ್ಟಿತು. ಹನ್ನೊಂದು ತಿಂಗಳ ಮೇಲೆ, 2001ರ ಸೆಪ್ಟೆಂಬರ್ 18ರಂದು ನಿಮ್ಡಾ ಎಂಬ ಕಂಪ್ಯೂಟರ್ ಹುಳು ಜಗತ್ತಿನ ತುಂಬ ಹರಿದಾಡಿದಾಗ ಅದು ನುಗ್ಗಿದ ಹಲವು ದಾರಿಗಳಲ್ಲಿ ಇದೂ ಒಂದು. ಮದ್ದು ಇತ್ತು, ಹಚ್ಚಿಕೊಂಡಿರಲಿಲ್ಲ. ಅಪಾಚೆಯವರ ಕತೆ ಇನ್ನೂ ಸ್ವಾರಸ್ಯ. ಜಗತ್ತಿನ ಲೆಕ್ಕವಿಲ್ಲದಷ್ಟು ವೆಬ್‌ಸೈಟುಗಳನ್ನು ಹೊತ್ತ ಅವರ ಸರ್ವರಿನ 2.4.49ನೇ ಆವೃತ್ತಿ 2021ರ ಸೆಪ್ಟೆಂಬರಿನಲ್ಲಿ ಬಂತು. ದಾರಿಯನ್ನು ಶುಚಿಗೊಳಿಸುವ ಭಾಗವನ್ನು ಹೊಸದಾಗಿ ಬರೆದಿದ್ದರು, ಅದರಲ್ಲಿ ಎರಡನೇ ಚುಕ್ಕಿಯನ್ನು ಶೇಕಡಾ ಗುರುತಿನ ವೇಷದಲ್ಲಿ ಕೊಟ್ಟರೆ ಒಳಗೆ ಬಿಡುತ್ತಿತ್ತು. ಅಕ್ಟೋಬರ್ 4ರಂದು 2.4.50 ತಂದು ಸರಿಮಾಡಿದೆವು ಎಂದರು. ವೇಷದ ಮೇಲೆ ಇನ್ನೊಂದು ವೇಷ ತೊಡಿಸಿ ಕಳಿಸಿದರೆ ಆಗಲೂ ಬಿಡುತ್ತಿತ್ತು. ಮೂರು ದಿನ ಬಿಟ್ಟು ಅಕ್ಟೋಬರ್ 7ರಂದು 2.4.51. ಎಲ್ಲ ಸರ್ವರುಗಳೂ ಸಿಕ್ಕಿಬೀಳಲಿಲ್ಲ; ‘ಹೇಳದೆ ಯಾವ ಫೋಲ್ಡರನ್ನೂ ತೆರೆಯಬೇಡ’ ಎಂಬ ನಿಯಮವನ್ನು ತೆಗೆದುಹಾಕದೆ ಇಟ್ಟುಕೊಂಡವರು ಬಚಾವಾದರು.

ನಾವು ಕೊನೆಗೆ ಮಾಡಿದ್ದು ಇಷ್ಟು. ಚೀಟಿಯ ಅಕ್ಷರ ನೋಡಿ ನಿರ್ಧರಿಸುವುದನ್ನು ಬಿಟ್ಟೆವು. ದಾರಿ ಎಷ್ಟು ಸುತ್ತಿದರೂ ಸುತ್ತಲಿ, ಕೊನೆಗೆ ಮುಟ್ಟುವುದು ಎಲ್ಲಿಗೆ? ಆ ಪೂರ್ತಿ ವಿಳಾಸವನ್ನು ಮೊದಲು ಬಿಡಿಸಿಕೊಳ್ಳುವುದು, ಅದು ಸುತ್ತೋಲೆ ಫೋಲ್ಡರಿನ ಒಳಗೇ ಇದೆಯೇ ಎಂದು ಆಮೇಲೆ ನೋಡುವುದು. ಇಲ್ಲೂ ಒಂದು ತಗ್ಗು ಇತ್ತು, ಅದರಲ್ಲೂ ನಾನು ಕಾಲಿಟ್ಟೆ. ‘ಒಳಗೇ ಇದೆ’ ಎಂಬುದನ್ನು ನೋಡಲು ವಿಳಾಸ ಆ ಹೆಸರಿನಿಂದ ಶುರುವಾಗುತ್ತದೆಯೇ ಎಂದಷ್ಟೇ ಪರೀಕ್ಷಿಸಿದೆ. ಶಹಾಪುರ ತಾಲ್ಲೂಕಿನಲ್ಲಿ ಸಗರ ಎಂಬ ಊರಿದೆ. ಈ ಇಡೀ ಸೀಮೆಗೆ ಸಗರನಾಡು ಎಂಬ ಹೆಸರೂ ಇದೆ. ‘ಸಗರದಿಂದ ಶುರುವಾದರೆ ಸಾಕು’ ಅಂದರೆ ಸಗರನಾಡೆಲ್ಲ ಒಳಗೆ ಬಂತು. ಊರಿನ ಹೆಸರು ಮುಗಿದ ಮೇಲೆ ಒಂದು ಗೀಟು ಇದೆಯೇ ಎಂದೂ ನೋಡಬೇಕು. ನೋಡಿದೆವು.

ಇದೆಲ್ಲಕ್ಕಿಂತ ಒಳ್ಳೆಯ ಉಪಾಯ ನಮ್ಮ ರೈತರಿಗೆ ಮೊದಲೇ ಗೊತ್ತು. ಭೂಮಿ ತಂತ್ರಾಂಶದಲ್ಲಿ ಪಹಣಿ ಬೇಕಾದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಲ್ಲವನ್ನೂ ಪಟ್ಟಿಯಿಂದ ಆರಿಸುತ್ತಾರೆ, ಆಮೇಲೆ ಸರ್ವೆ ನಂಬರು. ದಾರಿ ಹೇಳುವ ಅವಕಾಶ ಕೊಡದೆ ನಂಬರು ಕೇಳುವುದು. ಸುತ್ತೋಲೆಗಳಿಗೂ ಒಂದು, ಎರಡು, ಮೂರು ಎಂದು ನಂಬರು ಕೊಟ್ಟು, ಯಾವ ನಂಬರಿಗೆ ಯಾವ ಫೈಲು ಎಂಬ ಪಟ್ಟಿಯನ್ನು ಒಳಗಡೆ ಇಟ್ಟುಕೊಂಡರೆ ಚುಕ್ಕಿಗೆ ಜಾಗವೇ ಇಲ್ಲ. ಒಂದು ಎಚ್ಚರಿಕೆ: ಪರದೆಯ ಮೇಲೆ ಪಟ್ಟಿ ತೋರಿಸಿದ ಮಾತ್ರಕ್ಕೆ ಸಾಲದು, ಕಿಡಿಗೇಡಿಗಳು ಪರದೆಯನ್ನು ಬಳಸಿಕೊಂಡೇ ಬರುತ್ತಾರೆಂದು ಇಲ್ಲ. ಪರೀಕ್ಷೆ ಒಳಗಡೆಯೇ ನಡೆಯಬೇಕು.

ಸುರಪುರದ್ದು ಸರಿಹೋಯಿತು. ಅಳಿಯ ಕೇಳಿದ: “ಈ ತಗಿ ಮತ್ತೆಲ್ಲೆಲ್ಲಿ ಹಾಕೀರಿ?”

ಇಲ್ಲಿ ಲೈಬ್ರರಿ ಎಂಬ ಮಾತು ಹೇಳಬೇಕು. ಇದು ಪುಸ್ತಕ ಓದುವ ಲೈಬ್ರರಿ ಅಲ್ಲ. ಒಬ್ಬರು ಬರೆದಿಟ್ಟು, ಉಳಿದವರು ತಮ್ಮ ತಮ್ಮ ತಂತ್ರಾಂಶದಲ್ಲಿ ಸೇರಿಸಿಕೊಳ್ಳುವ ಸಿದ್ಧ ಪ್ರೋಗ್ರಾಂಗಳ ಕಟ್ಟು. ನಮ್ಮ ಓಣಿಯ ಹಿಟ್ಟಿನ ಗಿರಣಿ ಇದ್ದ ಹಾಗೆ. ಮನೆಮನೆಗೆ ಬೀಸುವ ಕಲ್ಲು ಯಾಕೆ, ಎಲ್ಲರೂ ಜ್ವಾಳ ಅಲ್ಲಿಗೇ ಕಳಿಸುತ್ತೇವೆ. ಗಿರಣಿಯವನು ಕಲ್ಲು ಕುಟ್ಟಿಸಿದ ಮಾರನೇ ದಿನ ಹಿಟ್ಟಿನಲ್ಲಿ ಹರಳು ಬಂದರೆ ಓಣಿಯ ಅಷ್ಟೂ ಮನೆಯ ರೊಟ್ಟಿ ಹಲ್ಲಿಗೆ ಕಚಕ್ ಅನ್ನುತ್ತದೆ. ಬೈಗುಳ ಮಾತ್ರ ರೊಟ್ಟಿ ಬಡಿದವಳಿಗೆ. ನನ್ನ ‘ತಗಿ’ ಮೂರು ಮನೆಗೆ ಹಿಟ್ಟು ಬೀಸಿದ ಸಣ್ಣ ಗಿರಣಿ. ಜಗತ್ತನ್ನೇ ಬೀಸಿದ ದೊಡ್ಡ ಗಿರಣಿಯೊಂದರ ಕತೆ ಕೇಳಿ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಈಗ ನಮ್ಮ ಕಾಲೇಜುಗಳಲ್ಲೂ ಕಲಿಸುತ್ತಾರೆ. ಅದರ ಜೊತೆಗೇ ಬರುವ ಲೈಬ್ರರಿಗಳಲ್ಲಿ ಟಾರ್‌ಫೈಲ್ ಒಂದು, 2003ರಿಂದ ಇದೆ. ಹಲವು ಫೈಲುಗಳನ್ನು ಒಂದೇ ಗಂಟು ಕಟ್ಟುವುದು, ಬಿಚ್ಚುವುದು ಅದರ ಕೆಲಸ. ಗಂಟಿನೊಳಗೆ ಪ್ರತಿ ಫೈಲಿಗೂ ಒಂದು ಚೀಟಿ, ಚೀಟಿಯಲ್ಲಿ ಅದನ್ನು ಎಲ್ಲಿ ಇಡಬೇಕು ಎಂಬ ದಾರಿ. ಬೀಗರ ಮನೆಯಿಂದ ಗಂಟು ಬಂತು ಎನ್ನಿ. ಬಿಚ್ಚಿ ಪಡಸಾಲೆಯಲ್ಲಿ ಹರಡಿಕೊಳ್ಳುವುದು ನಮ್ಮ ರೂಢಿ. ಅದರೊಳಗಿನ ಒಂದು ಸಾಮಾನಿನ ಮೇಲೆ ‘ಪಡಸಾಲೆಯಿಂದ ಒಳಗೆ ಹೋಗಿ, ತಿಜೋರಿ ತೆರೆದು, ಅಲ್ಲಿದ್ದ ಕಾಗದ ತೆಗೆದು ಅದರ ಜಾಗದಲ್ಲಿ ನನ್ನನ್ನು ಇಡು’ ಎಂದು ಬರೆದಿದ್ದರೆ? ಟಾರ್‌ಫೈಲ್ ಇಡುತ್ತಿತ್ತು. ನನ್ನ ‘ತಗಿ’ಯ ತಪ್ಪಿಗಿಂತ ಇದು ಕೆಟ್ಟದ್ದು. ಅದು ಒಳಗಿನದನ್ನು ಹೊರಗೆ ಕೊಡುತ್ತಿತ್ತು, ಇದು ಹೊರಗಿನದನ್ನು ತಂದು ಒಳಗೆ ಕೂರಿಸುತ್ತಿತ್ತು.

ಇದನ್ನು 2007ರಲ್ಲೇ ಒಬ್ಬರು ತೋರಿಸಿಕೊಟ್ಟರು. ಸಾರ್ವಜನಿಕ ದೋಷಗಳ ಪಟ್ಟಿಯಲ್ಲಿ 2007ನೇ ಸಾಲಿನ 4559 ಎಂಬ ನಂಬರೂ ಬಿತ್ತು. ಬಹಳ ಚರ್ಚೆಯಾಗಿ, ಪೈಥಾನಿನವರು ಲೈಬ್ರರಿಯನ್ನು ಮುಟ್ಟದೆ ಅದರ ಕೈಪಿಡಿಯಲ್ಲಿ ಒಂದು ಸೂಚನೆ ಸೇರಿಸಿದರು: ನಂಬಿಕೆ ಇಲ್ಲದವರಿಂದ ಬಂದ ಗಂಟನ್ನು ಪರೀಕ್ಷಿಸದೆ ಬಿಚ್ಚಬೇಡಿ. ಅವರ ವಾದವನ್ನು ತಳ್ಳಿಹಾಕುವಂತೆಯೂ ಇರಲಿಲ್ಲ. ಇಡೀ ಯಂತ್ರದ ನಕಲು ಇಟ್ಟು ಮತ್ತೆ ಇದ್ದಲ್ಲೇ ಕೂರಿಸುವವರಿಗೆ ಈ ಗುಣವೇ ಬೇಕು. ಆದರೂ ನನಗನ್ನಿಸುವುದನ್ನು ಹೇಳಿಬಿಡುತ್ತೇನೆ. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆ ತುಂಬಿ ಹರಿಯುವಾಗ ದಂಡೆಯ ಮೇಲೆ ‘ಇಳಿಯಬೇಡಿ’ ಎಂದು ಫಲಕ ನೆಡಬಹುದು. ಫಲಕ ನೆಟ್ಟವರು ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಓದಲು ಬಾರದ ಮಗುವಿಗೆ, ರಾತ್ರಿ ಬಂದವನಿಗೆ, ಅವಸರದಲ್ಲಿ ಎತ್ತು ಹೊಡೆದುಕೊಂಡು ಬಂದವನಿಗೆ ಬೇಕಾದದ್ದು ಕಟಾಂಜನ. ಕೈಪಿಡಿ ಓದಿ ಪ್ರೋಗ್ರಾಂ ಬರೆಯುವವರು ಎಷ್ಟು ಮಂದಿ? ನಾನಂತೂ ಅಲ್ಲ.

ಹದಿನೈದು ವರ್ಷ ಫಲಕ ಒಂದೇ ನಿಂತಿತ್ತು. 2022ರಲ್ಲಿ ಟ್ರೆಲಿಕ್ಸ್ ಎಂಬ ಭದ್ರತಾ ಸಂಸ್ಥೆಯವರು ಬೇರೇನೋ ಹುಡುಕುತ್ತಿದ್ದಾಗ ಇದರ ಮೇಲೆ ಎಡವಿದರು. ಹೊಸ ದೋಷ ಸಿಕ್ಕಿತೆಂದೇ ಮೊದಲು ಭಾವಿಸಿದ್ದರು; ನೋಡಿದರೆ ಪಟ್ಟಿಯಲ್ಲಿ 2007ರಿಂದಲೇ ಕೂತಿದೆ. ಯಾರು ಬೇಕಾದರೂ ನೋಡಬಹುದಾದ ಮುಕ್ತ ತಂತ್ರಾಂಶಗಳಲ್ಲೇ ಸುಮಾರು ಮೂರೂವರೆ ಲಕ್ಷ ಯೋಜನೆಗಳಿಗೆ ಇದು ತಗುಲಿದೆ ಎಂದು ಅಂದಾಜು ಮಾಡಿದರು. 2023ರ ಜನವರಿ ಹೊತ್ತಿಗೆ ಅರವತ್ತೊಂದು ಸಾವಿರಕ್ಕೂ ಹೆಚ್ಚು ಯೋಜನೆಗಳಿಗೆ ತಾವೇ ತೇಪೆ ಬರೆದು ಕಳಿಸಿದರು. ಅಷ್ಟಾದ ಮೇಲೆ ಪೈಥಾನಿನವರು ಕಟಾಂಜನ ಹಾಕಿದರು. 2023ರ ಅಕ್ಟೋಬರಿನ 3.12ರಲ್ಲಿ ಗಂಟು ಬಿಚ್ಚುವಾಗ ಸೋಸುವ ವ್ಯವಸ್ಥೆ, ಸೋಸದವರಿಗೆ ಗದರಿಕೆ; 2025ರ ಅಕ್ಟೋಬರಿನ 3.14ರಲ್ಲಿ ಕೇಳದಿದ್ದರೂ ಸೋಸುತ್ತದೆ. ನಡುವೆ 2025ರ ಜೂನಿನಲ್ಲಿ ಕಟಾಂಜನದಲ್ಲೂ ಒಂದು ಸಂದು ಸಿಕ್ಕಿತು. ದಾರಿಯನ್ನು ವಿಪರೀತ ಉದ್ದ ಮಾಡಿ ಕೊಟ್ಟರೆ ಅದು ಮುಟ್ಟುವ ಜಾಗ ಹುಡುಕುವವನು ಅರ್ಧ ದಾರಿಯಲ್ಲಿ ಸುಸ್ತಾಗಿ ‘ಸರಿ ಇದೆ’ ಅಂದುಬಿಡುತ್ತಿದ್ದ. ಅದನ್ನೂ ಮುಚ್ಚಿದರು.

ಪ್ರೋಗ್ರಾಂ ಬರೆಯದ ನಮಗೇನು ಇದರಿಂದ ಎಂದು ಕೇಳುವವರನ್ನು ಶಹಾಪುರದ ಡಿಟಿಪಿ ಅಂಗಡಿಗೆ ಕರೆದೊಯ್ಯುತ್ತೇನೆ. ಗೆಳೆಯನ ಅಂಗಡಿ. ಝೆರಾಕ್ಸು, ಲ್ಯಾಮಿನೇಶನ್ನು, ಆನ್‌ಲೈನ್ ಅರ್ಜಿ, ಮದುವೆ ಕಾರ್ಡು. ಕಾರ್ಡಿನ ಡಿಸೈನುಗಳು, ಫಾಂಟುಗಳು ಅಂಗಡಿಯಿಂದ ಅಂಗಡಿಗೆ ಗಂಟುಗಂಟಾಗಿಯೇ ಹೋಗುತ್ತವೆ. ಬಿಚ್ಚಲು ವಿನ್‌ರಾರ್. ಅದನ್ನು ನಲವತ್ತು ದಿನ ಪರೀಕ್ಷೆಗೆಂದು ಪುಕ್ಕಟೆ ಕೊಡುತ್ತಾರೆ. ಗೆಳೆಯನ ಅಂಗಡಿಯಲ್ಲಿ ಆ ನಲವತ್ತು ದಿನ ಹತ್ತು ವರ್ಷ ನಡೆದವು. 2019ರ ಫೆಬ್ರವರಿಯಲ್ಲಿ ಚೆಕ್ ಪಾಯಿಂಟ್ ಎಂಬ ಸಂಸ್ಥೆ ಹೊರಗೆ ಹಾಕಿದ ಸಂಗತಿ ಇದು: ವಿನ್‌ರಾರ್ ಒಳಗೆ ಏಸ್ ಎಂಬ ಹಳೆಯ ಜಾತಿಯ ಗಂಟು ಬಿಚ್ಚಲು ಬೇರೆಯವರಿಂದ ತಂದ ಒಂದು ಲೈಬ್ರರಿ ಇತ್ತು, ಅದರಲ್ಲಿ ಇದೇ ದಾರಿಯ ದೋಷ ಹತ್ತೊಂಬತ್ತು ವರ್ಷದಿಂದ ಕೂತಿತ್ತು, ಬಳಕೆದಾರರು ಐವತ್ತು ಕೋಟಿ. ಗಂಟು ಬಿಚ್ಚಿದರೆ ಸಾಕು, ಅದರೊಳಗಿನ ಒಂದು ಫೈಲು ಕಂಪ್ಯೂಟರ್ ಚಾಲೂ ಆದಾಗ ತಾನಾಗಿ ಓಡುವ ಫೋಲ್ಡರಿಗೆ ಹೋಗಿ ಕೂರಬಹುದಿತ್ತು. ಸರಿಮಾಡೋಣವೆಂದರೆ ಆ ಲೈಬ್ರರಿಯ ಮೂಲ ಬರಹವೇ ವಿನ್‌ರಾರಿನವರ ಕೈಯಲ್ಲಿಲ್ಲ! ಏಸ್ ಗಂಟು ಬಿಚ್ಚುವುದನ್ನೇ ಕೈಬಿಟ್ಟರು. 2025ರ ಜುಲೈನಲ್ಲಿ ವಿನ್‌ರಾರಿನಲ್ಲೇ ಇದೇ ಕುಲದ ಇನ್ನೊಂದು ದೋಷ ಸಿಕ್ಕಿತು, ದಾಳಿಕೋರರು ಅದನ್ನು ಆಗಲೇ ಬಳಸುತ್ತಿದ್ದರು. ತಿಂಗಳ ಕೊನೆಗೆ 7.13ನೇ ಆವೃತ್ತಿ ಬಂತು. ವಿನ್‌ರಾರ್ ತಾನಾಗಿ ಹೊಸದಾಗುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಅಂಗಡಿಯವರು ಯಾರಾದರೂ ಕೇಳುತ್ತಿದ್ದರೆ ಇವತ್ತೇ ಒಮ್ಮೆ ಆವೃತ್ತಿಯ ನಂಬರು ನೋಡಿಕೊಳ್ಳಿ.

ಹುಡುಗರಿಗೂ ಒಂದು ಮಾತು. ನನ್ನ ಅಳಿಯ ನನ್ನ ಸೈಟು ಮುಟ್ಟಿದ, ನನ್ನ ಎದುರಿಗೇ ತೋರಿಸಿದ, ಅದಕ್ಕೆ ಮಾಮಾನ ಮನೆಯಲ್ಲಿ ಹೋಳಿಗೆ ಸಿಕ್ಕಿತು. ಅದನ್ನೇ ಬೇರೆಯವರ ಸೈಟಿನ ಮೇಲೆ ಅಪ್ಪಣೆ ಇಲ್ಲದೆ ಮಾಡಿದ್ದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮಿಗೆ ಸಿಕ್ಕಿಬೀಳುವ ಸಂಭವವಿತ್ತು; ಕೆಟ್ಟ ಉದ್ದೇಶ ಸಾಬೀತಾದರೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ. ‘ಬಾಗಲಾ ತಗದಿತ್ರೀ ಸಾಹೇಬ್ರ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಕಲಿಯಬೇಕೆಂದರೆ ನಿಮ್ಮದೇ ಕಂಪ್ಯೂಟರಿನಲ್ಲಿ ನಿಮ್ಮದೇ ಸೈಟು ಕಟ್ಟಿಕೊಂಡು ಒಡೆಯಿರಿ. ಬೇರೆಯವರದರಲ್ಲಿ ಕಣ್ಣಿಗೆ ಬಿದ್ದರೆ ತಿಳಿಸಲು ಸರ್ಟ್-ಇನ್ ಎಂಬ ಕೇಂದ್ರ ಸರಕಾರದ ಸಂಸ್ಥೆ 2004ರಿಂದ ಇದೆ. ದಾಳಿಗೆ ಒಳಗಾದ ಸಂಸ್ಥೆಗಳು ಅದು ಗೊತ್ತಾದ ಆರು ಗಂಟೆಯೊಳಗೆ ಅಲ್ಲಿಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ಆದೇಶವೂ ಇದೆ.

ಇನ್ನು ನನ್ನ ಅಲೆದಾಟ. ದಸರಾ ಮುಗಿದ ಸೋಮವಾರ ಬೆಳಗಿನ ಬಸ್ಸಿಗೆ ಶಹಾಪುರಕ್ಕೆ ಹೋದೆ. ಮಲಗಿದ ಬುದ್ಧನ ಹಾಗೆ ಕಾಣುವ ಬೆಟ್ಟವನ್ನು ಆ ದಿನ ನೋಡಿದೆನೋ ಇಲ್ಲವೋ ನೆನಪಿಲ್ಲ. ಸಂಘದ ಕಾರ್ಯದರ್ಶಿಗೆ ಏನು ಹೇಳಲಿ ಎಂಬುದೇ ತಲೆಯಲ್ಲಿತ್ತು. ಅವರು ಒಳ್ಳೆಯವರು. “ನಿಮ್ಮ ತಪ್ಪು ನೀವೇ ಬಂದು ಹೇಳ್ಲಾಕತ್ತೀರಿ, ಮಾಡಿ ಹೋಗ್ರಿ” ಅಂದರು. ಒಂದು ತಾಸಿನಲ್ಲಿ ಮುಗಿಯಿತು.

ಭೀಮಾ ಹೊಳೆಯ ಸೇತುವೆ ದಾಟಿ ಯಾದಗಿರಿಗೆ ಹೋದಾಗ ಬೇರೆಯೇ ಪಾಡು. ಪಾಸ್‌ವರ್ಡು ಗೊತ್ತಿದ್ದ ಕಂಪ್ಯೂಟರ್ ಆಪರೇಟರ್ ಕೆಲಸ ಬಿಟ್ಟು ಹೋಗಿದ್ದ. ಅವನ ಜಾಗಕ್ಕೆ ಬಂದವರಿಗೆ ಸೈಟು ಇದೆ ಎಂಬುದಷ್ಟೇ ಗೊತ್ತು. ಮೇಲಿನವರು ನನ್ನ ಮಾತು ಪೂರ್ತಿ ಕೇಳಿಸಿಕೊಂಡು ಅಂದರು: “ಐದು ವರ್ಷದಿಂದ ಛಲೋನೇ ನಡದದಲ್ರೀ ಸರ. ಸುಮ್ನ ಯಾಕ ಕೈ ಹಚ್ತೀರಿ?”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಛಲೋ ನಡೆದಿದ್ದು ನಿಜ. ಅವರ ಅಪ್ಪಣೆ ಕೇಳಿ, ಅವರದೇ ಕಂಪ್ಯೂಟರಿನಲ್ಲಿ, ಅವರ ಕಣ್ಣೆದುರಿಗೆ ಆ ಮೂರು ಗುರುತು ಒತ್ತಿದೆ. ಪರದೆ ತುಂಬಿತು. ಸ್ವಲ್ಪ ಹೊತ್ತು ನೋಡಿದರು. ಕುರ್ಚಿ ಎಳೆದು ನನಗೆ ಕೊಟ್ಟರು, ಹುಡುಗನನ್ನು ಕರೆದು ಎರಡು ಚಾ ಹೇಳಿದರು. ಆಮೇಲೂ ಅರ್ಜಿ, ಸಹಿ, ಹೊಸ ಪಾಸ್‌ವರ್ಡು ಎಂದು ಮೂರು ವಾರ ಹಿಡಿಯಿತು. ಮೂರು ವಾರವೂ ಆ ಬಾಗಿಲು ತೆರೆದೇ ಇತ್ತು, ನಾನು ದಿನಾ ರಾತ್ರಿ ಮಲಗುವ ಮೊದಲು ಸೈಟು ಇದೆಯೇ ಎಂದು ನೋಡುತ್ತಿದ್ದೆ.

ಮೂರೂ ಆಯಿತು ಎಂದು ಅಳಿಯನಿಗೆ ಫೋನು ಮಾಡಿದೆ. ಅವನು “ಪೆನ್‌ಡ್ರೈವಿನ್ಯಾಗ ಯಾರ್‌ಯಾರಿಗೆ ಕೊಟ್ಟೀರಿ?” ಅಂದ. 2018ರ ಜೂನಿನಲ್ಲಿ ಸ್ನಿಕ್ ಎಂಬ ಸಂಸ್ಥೆ ಗಂಟು ಬಿಚ್ಚುವಾಗಿನ ಈ ದೋಷಕ್ಕೆ ಜಿಪ್ ಸ್ಲಿಪ್ ಎಂದು ಹೆಸರಿಟ್ಟು ಸಾವಿರಾರು ಯೋಜನೆಗಳಲ್ಲಿ ತೋರಿಸಿದಾಗ ಅವರು ಹೇಳಿದ್ದೂ ಇದನ್ನೇ: ಜಾವಾ ಭಾಷೆಯಲ್ಲಿ ಈ ಕೆಲಸಕ್ಕೆ ಎಲ್ಲರೂ ನೆಚ್ಚುವ ಒಂದೇ ಲೈಬ್ರರಿ ಇರಲಿಲ್ಲ, ಜನ ಒಬ್ಬರ ನಾಲ್ಕು ಸಾಲನ್ನು ಇನ್ನೊಬ್ಬರು ನಕಲು ಮಾಡಿಕೊಂಡರು, ತಪ್ಪೂ ಜೊತೆಗೆ ಹೋಯಿತು. ನಾನು 2012, 13ರಲ್ಲಿ ಕಲಿಯಲು ಬಂದ ಹುಡುಗರಿಗೆ ‘ತಗಿ’ಯನ್ನು ಹಂಚಿದ್ದೆ. ಎಷ್ಟು ಜನಕ್ಕೆ ಎಂದು ಲೆಕ್ಕವಿಟ್ಟಿಲ್ಲ. ಅವರಲ್ಲಿ ಕೆಲವರು ಈಗ ಬೆಂಗಳೂರಿನಲ್ಲಿದ್ದಾರೆ, ಕೆಲವರು ಹೈದರಾಬಾದಿನಲ್ಲಿ, ಒಂದಿಬ್ಬರು ಇಲ್ಲೇ ರಂಗಂಪೇಟೆಯಲ್ಲಿ ಅಂಗಡಿ ಇಟ್ಟಿದ್ದಾರೆ.

ನಿಮ್ಮಲ್ಲಿ ಯಾರ ಹತ್ತಿರವಾದರೂ ‘ತಗಿ’ ಎಂಬ ಫೈಲು ಇದ್ದರೆ ತೆರೆದು ನೋಡಿ. ಮೊದಲ ಸಾಲಿನಲ್ಲಿ ‘ಫೈಲು ತಗಿಯೋ ಸಣ್ಣ ಕೆಲಸ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದರೆ, ಅದರ ಕೆಳಗೆ ಫೋಲ್ಡರಿನ ವಿಳಾಸಕ್ಕೆ ಬಂದ ಹೆಸರನ್ನು ಹಾಗೆಯೇ ಅಂಟಿಸುವ ಸಾಲು ಇದ್ದರೆ, ಅದು ನನ್ನದು. ಅಳಿಸಿಬಿಡಿ. ಸರಿಮಾಡಿದ್ದು ಬೇಕಾದವರು ಸುರಪುರಕ್ಕೆ ಬನ್ನಿ.